ಪಾಡ್ಯದೊಳಗೊಂದು ಪಟ

ತ್ರ್ಯಂಬಕರಾಯರು ಕ್ಯಾಮೆರಾ ತೆಗೆದುಕೊಂಡು ಹೊರಬಿದ್ದರೆ ಸುತ್ತಲಿನ ಹಳ್ಳಿಯವರು "ಆರಾಮ ಇದ್ದೀರೇನ್ರಿ?" ಎಂದು ಕೇಳುತ್ತಿರಲಿಲ್ಲ. "ಯಾರ ಹ್ವಾದ್ರರಿ?" ಎಂದು ಕೇಳುತ್ತಿದ್ದರು.

ಅದರಲ್ಲಿ ಜನರ ತಪ್ಪೇನೂ ಇಲ್ಲ ಬಿಡಿ. ರಾಯರು ಧಾರವಾಡದ ಪೇಟೆಯಲ್ಲಿ ಫೋಟೋದ ಅಂಗಡಿ ಇಟ್ಟು ಮೂವತ್ತು ವರ್ಷ ನಡೆಸಿದವರು. ಊರೊಳಗಿನವರು ಮುಂಜಿ, ಮದುವೆ, ಮ್ಯಾಟ್ರಿಕ್ ಪಾಸಾದ ಮಗ ಎಂದು ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು. ಹಳ್ಳಿಯವರ ಕಥೆ ಬೇರೆ. ಬದುಕಿದ್ದಾಗ ಪಟ ತೆಗೆಸಿದರೆ ಆಯುಷ್ಯ ಸವೆಯುತ್ತದೆ ಎಂದು ಅವರಿಗೆ ಅಂಜಿಕೆ. ಮನೆಯ ಹಿರಿಯರು ತೀರಿಕೊಂಡ ಮೇಲೆಯೇ ರಾಯರಿಗೆ ಚಕ್ಕಡಿ ಬರುತ್ತಿತ್ತು. ಲಿಂಗವಂತರ ಮನೆಗಳಲ್ಲಿ ತೀರಿಕೊಂಡವರನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆ ತುಂಬ ವಿಭೂತಿ ಬಳಿದು, ಕೊರಳ ತುಂಬ ಹಾರ ಹಾಕುತ್ತಾರೆ. ಮಕ್ಕಳು ಮೊಮ್ಮಕ್ಕಳು ಎರಡೂ ಬದಿಗೆ ನಿಲ್ಲುತ್ತಾರೆ. ರಾಯರು ಮುಕ್ಕಾಲಿಯ ಮೇಲೆ ಕಟ್ಟಿಗೆಯ ದೊಡ್ಡ ಕ್ಯಾಮೆರಾ ಏರಿಸಿ, ತಲೆಗೆ ಕರಿ ಬಟ್ಟೆ ಹೊದ್ದು, ಆ ಒಂದು ಪಟ ತೆಗೆದು ಮನೆಗೆ ಬಂದು ಸ್ನಾನ ಮಾಡುತ್ತಿದ್ದರು. ಹಾಗಾಗಿ ಅಮ್ಮಿನಬಾವಿಯಿಂದ ಕೆಲಗೇರಿಯವರೆಗೆ ಆ ಕ್ಯಾಮೆರಾ ಕಂಡರೆ ಹೆಂಗಸರು ಕೂಸುಗಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು.

ಹೋದ ವರ್ಷ ಅಂಗಡಿಯನ್ನು ಮಗ ಪಂಢರಿನಾಥನ ಕೈಗೆ ಕೊಟ್ಟು ರಾಯರು ಮನೆ ಹಿಡಿದರು. ಮನೆ ಹಿಡಿದರು ಅನ್ನುವುದು ಬರಿ ಮಾತಿಗೆ. ಈ ವರ್ಷ ಗಣಪತಿ ಹಬ್ಬ ಮುಗಿದು ಮಳೆ ಹಿಂದೆ ಸರಿದು ಬಿಸಿಲು ಹೊಳೆಯತೊಡಗಿದ್ದೇ ತಡ, ಒಂದು ದಿನ ಮುಂಜಾನೆ ಕೋಟು ಹಾಕಿ, ರುಮಾಲು ಸುತ್ತಿ ಪಡಸಾಲೆಯಲ್ಲಿ ನಿಂತುಬಿಟ್ಟರು. ಸೊಸೆ ಸುಲಭಾ ಒಲೆಯ ಮುಂದೆ ಭಕ್ಕರಿ ಬಡಿಯುತ್ತಿದ್ದಳು. ಅತ್ತೆ ಲಕ್ಷ್ಮೀಬಾಯಿ ಕಾಯಿಪಲ್ಯ ಹೆಚ್ಚುತ್ತಿದ್ದರು.

"ಸವಾರಿ ಎಲ್ಲಿಗೆ?" ಎಂದು ಲಕ್ಷ್ಮೀಬಾಯಿ ಕೂತಲ್ಲಿಂದಲೇ ಕೇಳಿದರು.

"ಕೆಲಗೇರಿಗೆ."

"ಯಾರು ಹೋದ್ರು?"

"ಯಾರೂ ಹೋಗಿಲ್ಲ ಮಾರಾಯ್ತಿ! ಇದ್ದವರ ಪಟಾ ತಗೀಲಿಕ್ಕೆ ಹೊಂಟೇನಿ. ಪುಕ್ಕಟ ತಗದು ಕೊಡ್ತೇನಿ. ಇಂಥಾ ಬೆಳಕು ವರ್ಷಕ್ಕ ಎರಡು ತಿಂಗಳ ಇರ್ತದ."

"ಪಕ್ಷಮಾಸ ನಡದದ, ನೆನಪದ ಇಲ್ಲೋ? ಮನಿಮನಿಗೆ ಸತ್ತವರಿಗೆ ಎಡಿ ಇಡ್ಲಿಕ್ಹತ್ತಾರ. ಅಂಥಾದ್ರಾಗ ನೀವು ಹೋಗಿ ಬಾಗಲಾಗ ನಿಂದರೂದು!"

ರಾಯರು ಕೇಳಿಸಿದರೂ ಕೇಳಿಸದವರ ಹಾಗೆ ಟಾಂಗಾ ಹತ್ತಿದರು. ಮಧ್ಯಾಹ್ನ ಟಾಂಗಾದ ಖಾದರಬಾಷಾ ಕ್ಯಾಮೆರಾ ಇಳಿಸುತ್ತ ಹಿತ್ತಿಲ ಬಾಗಿಲಿಗೆ ಬಂದು ವರದಿ ಒಪ್ಪಿಸಿದ. "ಏನ ಹೇಳ್ಲಿ ಬಾಯಾರ! ಮೊದಲನೇ ಮನಿ ಮುಂದ ನಿಂತ್ವಿ ನೋಡ್ರಿ, ದಾನವ್ವ ಅಂತ ಒಬ್ಬಾಕಿ ಕಸಬರಿಗಿ ತಗೊಂಡು ಹೊರಗ ಬಂದ್ಳು. 'ನನ್ನ ಗಂಡ ಬರೇ ಜ್ವರಾ ಬಂದು ಮಲಗ್ಯಾನ. ನೀವು ಈಗ್ಲೇ ಬಂದ್ರೇನು?' ಅಂತ ಕೆರಿ ತನಕಾ ಬೆನ್ನ ಹತ್ತಿದ್ಳರಿ!"

ಲಕ್ಷ್ಮೀಬಾಯಿ ಸಿಟ್ಟು ಮಾಡಬೇಕೆಂದು ಬಾಯಿ ತೆರೆದವರು ನಕ್ಕುಬಿಟ್ಟರು. ಸುಲಭಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗದವನು ಒಬ್ಬನೇ, ಸಂಜೆ ಅಂಗಡಿಯಿಂದ ಬಂದ ಪಂಢರಿನಾಥ.

ಊಟಕ್ಕೆ ತಂದೆ ಮಗ ಇಬ್ಬರೂ ಮಣೆಯ ಮೇಲೆ ಕೂತಿದ್ದರು. ಇಂದು ಎಂಬ ಆರು ವರ್ಷದ ಮೊಮ್ಮಗಳು ಇಬ್ಬರ ನಡುವೆ. ಪಂಢರಿನಾಥ ಅನ್ನಕ್ಕೆ ಕೈ ಹಚ್ಚಲಿಲ್ಲ.

"ಪ್ಯಾಟ್ಯಾಗ ನಗಲಿಕ್ಹತ್ತಾರ ಅಪ್ಪಾ. 'ನಿಮ್ಮ ತಂದಿಯವರು ಇನ್ನಮ್ಯಾಲೆ ಸಾಯೂಕಿಂತ ಮೊದಲಽ ಹೋಗಿ ಪಾಳಿ ಹಚ್ಚತಾರೇನು' ಅಂತ ಬಟ್ಟಿ ಅಂಗಡಿಯವ ಕೇಳಿದ."

"ಅದಕ್ಕ ನೀ ಏನಂದಿ?"

"ಏನನ್ನಬೇಕು? ಬಾಗಲಾ ಹಾಕ್ಕೊಂಡು ಬಂದೆ." ಪಂಢರಿನಾಥ ಒಂದೇ ಉಸಿರಿಗೆ ಹೇಳಿದ. "ಹುಬ್ಬಳ್ಳಿ ಅಬ್ದುಲಗನಿ ಸಾಹೇಬರು ಆ ದೊಡ್ಡ ಕ್ಯಾಮೆರಾ ಕೇಳ್ಯಾರ. ಕೊಡ್ತೇನಂತ ಮಾತು ಕೊಟ್ಟೇನಿ. ದೀಪಾವಳಿ ಪಾಡ್ಯಾದ ದಿವಸ ಬಂದು ಒಯ್ತಾರ."

ಅಬ್ದುಲಗನಿ ಹಳೆಯ ಗಡಿಯಾರ, ಹಾರ್ಮೋನಿಯಂ, ಕ್ಯಾಮೆರಾ ಕೊಂಡು ಮಾರುವವರು. ಸಾರು ಬಡಿಸುತ್ತಿದ್ದ ಸುಲಭಾಳ ಕೈ ಅಲ್ಲೇ ನಿಂತಿತು.

"ನನ್ನ ಕೇಳಬೇಕಾಗಿತ್ತು" ಎಂದರು ರಾಯರು.

"ಕೇಳಿದ್ರ ಕೊಡ್ತಿದ್ದಿರೇನು?"

"ಇಲ್ಲ."

"ಅದಕ್ಕ ಕೇಳ್ಲಿಲ್ಲ."

ರಾಯರಿಗೆ ಸಿಟ್ಟು ಬಂದಿತು, ಮಗನ ಈ ಉತ್ತರಕ್ಕೆ ಒಂದಿಷ್ಟು ನಗುವೂ ಬಂದಿತು. "ಹಂಗಾರ ನನ್ನ ಮಾತೂ ಕೇಳು. ಪಾಡ್ಯದೊಳಗ ಒಂದು ಪಟಾ ತರ್ತೇನಿ. ಇದ್ದವರದು. ಅದನ್ನ ನೋಡಿ ನೀನಾಗೇ, ಇದು ಅಂಗಡಿ ಮುಂದಿನ ಕನ್ನಡಿ ಪೆಟ್ಟಿಗ್ಯಾಗ ಇಡೂ ಪಟಾ ಅನ್ನಬೇಕು. ಅಂದಿ, ಕ್ಯಾಮೆರಾ ಮನ್ಯಾಗ ಉಳೀತದ. ಅನ್ನಲಿಲ್ಲ, ನಾನೇ ಹೊತ್ಕೊಂಡು ಹೋಗಿ ಸಾಹೇಬರ ಟಾಂಗಾದಾಗ ಇಡ್ತೇನಿ."

"ಆತು" ಎಂದ ಪಂಢರಿನಾಥ. ಆಮೇಲೆ ಇಬ್ಬರೂ ತುಪ್ಪ ಕೇಳಿ ಹಾಕಿಸಿಕೊಂಡು ಉಂಡರು.

ನವರಾತ್ರಿಯಲ್ಲಿ ರಾಯರು ಮತ್ತೆ ಎರಡು ಸಲ ಹೋಗಿಬಂದರು. ಹಬ್ಬದ ದಿನವಾದ್ದರಿಂದ ಜನ ಅಷ್ಟೊಂದು ಅಂಜಲಿಲ್ಲ. ಕುಂಬಾರ ಶಿದ್ದಪ್ಪ ಮೀಸೆ ತಿರುವಿಕೊಂಡು ಕೂತನಂತೆ. ಸಾಲಿಯ ಮಾಸ್ತರರೊಬ್ಬರು ಹೆಂಡಿರು ಮಕ್ಕಳೊಂದಿಗೆ ನಿಂತರಂತೆ. ಮನೆಗೆ ಬಂದ ಮೇಲೆ ಪಟ ಮೂಡುವ ಗಾಜಿನ ಪ್ಲೇಟು ತೊಳೆಯುವ ಕೆಲಸ ಬಚ್ಚಲಲ್ಲಿ. ಕಿಟಕಿಗೆ ಕಂಬಳಿ ಹಾಕಿ, ಕೆಂಪು ಕಂದೀಲು ಇಟ್ಟು ರಾಯರು ಒಳಗೆ ಸೇರಿದರೆಂದರೆ ಒಂದು ತಾಸು ಮನೆಮಂದಿಗೆ ಬಚ್ಚಲಿಲ್ಲ. "ಔಷಧದ ವಾಸನಿ ಹಂಡೇದ ನೀರಿಗೂ ಹತ್ತೇದ" ಎಂದು ಲಕ್ಷ್ಮೀಬಾಯಿ ಹೊರಗಿನಿಂದ ಕೂಗುವರು. ಭಾವಿಯಿಂದ ನೀರು ಸೇದಿ, ತೊಳೆದ ಪ್ಲೇಟುಗಳನ್ನು ಬಿಸಿಲಿಗೆ ಹಿಡಿದು ನೋಡಿ ಒಣಗಲು ಇಡುವುದು ಸುಲಭಾಳ ಪಾಲಿಗೆ ಬಂದಿತ್ತು.

ಎರಡನೆಯ ಸಲ ಅವಳು ಪ್ಲೇಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ಶಿದ್ದಪ್ಪನ ಮುಖ ಅಂಬಲಿಯ ಹಾಗೆ ಕಲಸಿಹೋಗಿತ್ತು. ಅವನ ಹಿಂದಿನ ಗೋಡೆಯ ಇಟ್ಟಿಗೆಗಳನ್ನು ಮಾತ್ರ ಒಂದೊಂದಾಗಿ ಎಣಿಸಬಹುದಾಗಿತ್ತು. ಮಾಸ್ತರರ ಸಂಸಾರದ್ದೂ ಅದೇ ಗತಿ. ಮಾವನವರ ಎದುರು ನಿಂತು ಮಾತಾಡುವ ರೂಢಿ ಆ ಮನೆಯಲ್ಲಿರಲಿಲ್ಲ. ಸುಲಭಾ ಬಾಗಿಲ ಮರೆಗೆ ನಿಂತು ಕೇಳಿದಳು.

"ಮಾಮಾ, ಇದರಾಗ ಮುಖಾ ಒಂದೂ ಛಲೋ ಬಂದಿಲ್ಲಲಾ?"

"ಗಾಳಿ ಭಾಳ ಇತ್ತು."

"ಗಾಳಿಗೆ ಮನಷ್ಯಾರ ಮೀಸಿ ಅಳ್ಳಾಡಿ, ಹಿಂದಿನ ಗಿಡದ ಎಲಿ ಸುಮ್ನ ನಿಂತಿದ್ವೇನ್ರಿ?"

ರಾಯರು ಗಕ್ಕನೆ ನಕ್ಕರು. ನಂತರ ಬಚ್ಚಲ ಕಲ್ಲಿನ ಮೇಲೆ ಕೂತುಬಿಟ್ಟರು. "ಎಡಗಣ್ಣು ಹೋದ ವರ್ಷನೇ ಮಂಜಾತು ಸುಲಭಾ. ಈಗ ಬಲಗಣ್ಣಿಗೂ ಪರದಿ ಬಂದದ. ಬೆಳಕು ಎಷ್ಟದ, ಎಲ್ಲಿಂದ ಬೀಳ್ಲಿಕ್ಹತ್ತದ, ಅದೆಲ್ಲಾ ಕಾಣ್ತದ. ಮುಖಾ ಕಾಣೂದಿಲ್ಲ. ಪಂಢರಿಗೆ ಹೇಳಬ್ಯಾಡ. ಗೊತ್ತಾತಂದ್ರ ಅವ ಪಾಡ್ಯಾದ ಹಾದೀನೂ ನೋಡೂದಿಲ್ಲ."

"ಕಣ್ಣಿಗಿಂತ ಆ ಕ್ಯಾಮೆರಾನೇ ಹೆಚ್ಚಾತೇನ್ರಿ?"

"ಮೂವತ್ತು ವರ್ಷ ಹಳ್ಳ್ಯಾಗ ನನ್ನ ಮುಂದ ಕೂತವರು ಒಬ್ಬರೂ ಅಳ್ಳಾಡ್ಲಿಲ್ಲ" ಎಂದರು ರಾಯರು. "ಒಮ್ಮೆರೆ ಯಾರರೆ ನನ್ನ ಮುಂದ ಕೂತು, ಅಳ್ಳಾಡಿ, ಕೆಮ್ಮಿ, ನಕ್ಕು, ನನ್ನ ಸಿಟ್ಟಿಗೇಳಸಬೇಕು ಅನಸ್ತದ. ಇಷ್ಟೇ ಆಶಾ."

ಸುಲಭಾ ಈ ಮನೆಗೆ ಬಂದ ಎಂಟು ವರ್ಷದಲ್ಲಿ ಮಾವ ಅವಳೊಡನೆ ಇಷ್ಟು ಮಾತು ಆಡಿದ್ದು ಇದೇ ಮೊದಲು. ಅವಳು ಬಾಗಿಲ ಮರೆಯಿಂದ ಈಚೆಗೆ ಬಂದಳು. "ನನಗ ಕಲಸ್ರಿ. ಮುಖಾ ನಾ ನೋಡ್ತೇನಿ."

ಮರುದಿನ ಪಂಢರಿನಾಥ ಅಂಗಡಿಗೆ ಹೋದ ಮೇಲೆ ಹಿತ್ತಿಲಲ್ಲಿ ಪಾಠ ಶುರುವಾಯಿತು. ಕರಿ ಬಟ್ಟೆಯೊಳಗೆ ತಲೆ ಹಾಕಿದ ಸುಲಭಾ "ಅಯ್ಯ!" ಎಂದು ಹೊರಗೆ ಬಂದಳು. ಮಬ್ಬುಗಾಜಿನ ಮೇಲೆ ತುಳಸಿಕಟ್ಟೆ ತಲೆಕೆಳಗಾಗಿ ಜೋತುಬಿದ್ದಿತ್ತು. "ಅದು ಹಂಗೇ ಕಾಣೂದು. ಈ ತಿರುಪು ಸಾವಕಾಶ ತಿರುವು" ಎಂದರು ರಾಯರು. ತಿರುವಿದಳು. ಕಲಸಿದ್ದೆಲ್ಲ ಗಟ್ಟಿಯಾಗುತ್ತ ಆಗುತ್ತ ತುಳಸಿಯ ಎಲೆಯ ನರ ನರವೂ ಎದ್ದು ಬಂದಿತು. ಸುಲಭಾಳಿಗೆ ಎಷ್ಟು ಸಂತೋಷವಾಯಿತೆಂದರೆ ಒಲೆಯ ಮೇಲಿನ ಹಾಲು ಉಕ್ಕಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಲಕ್ಷ್ಮೀಬಾಯಿ ಒಲೆ ಒರೆಸಿದರು. ಏನೋ ಅನ್ನಬೇಕೆಂದು ಹಿತ್ತಿಲಿಗೆ ಬಂದವರು ಕರಿ ಬಟ್ಟೆಯ ಕೆಳಗೆ ಸೊಸೆಯ ಸೀರೆಯನ್ನು ನೋಡಿ ಏನೂ ಅನ್ನದೆ ಹೊರಳಿದರು.

ಶೀಗಿ ಹುಣ್ಣಿಮೆ ಬಂದಿತು. ಅಂದು ರೈತರ ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಪೂಜೆ ಮಾಡಿ ಅಲ್ಲೇ ಉಣ್ಣುವ ಹಬ್ಬ. ರಾಯರು ಅಮ್ಮಿನಬಾವಿಗೆ ಹೊರಟರು. "ಒಬ್ಬರನ್ನೇ ಬಿಡೂದು ಬ್ಯಾಡ. ಸುಲಭಾ, ಇಂದೂನ್ನ ಕರ್ಕೊಂಡು ನೀನೂ ಹೋಗು. ಕೂಸು ಹೊಲಾ ನೋಡಿಲ್ಲ" ಎಂದು ಲಕ್ಷ್ಮೀಬಾಯಿಯೇ ಟಾಂಗಾ ಹತ್ತಿಸಿದರು.

ಗುರುಸಿದ್ದಯ್ಯನ ಹೊಲ ದಾರಿಗೆ ಹತ್ತಿಕೊಂಡೇ ಇತ್ತು. ಎದೆಮಟ್ಟ ಜೋಳ, ಬದುವಿನ ಬನ್ನಿಗಿಡದ ಕೆಳಗೆ ಮನೆಮಂದಿಯೆಲ್ಲ ಕೂತು ಶೇಂಗಾ ಹೋಳಿಗೆ, ಪುಂಡಿಪಲ್ಯ, ಸಜ್ಜಿ ರೊಟ್ಟಿ ಹಂಚಿಕೊಳ್ಳುತ್ತಿದ್ದರು. ಟಾಂಗಾ ನಿಂತದ್ದು ನೋಡಿ ಎಲ್ಲರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಗುರುಸಿದ್ದಯ್ಯನ ತಾಯಿ ಮುರಿಗೆವ್ವ, ಎಂಬತ್ತರ ಹತ್ತಿರದ ಹೆಣ್ಣು, ಹಣೆಗೆ ಕೈ ಹಚ್ಚಿ ನೋಡಿದಳು.

"ನೀವು ಪಟದ ರಾಯರ ಹೌದಿಲ್ರಿ? ನಮ್ಮ ಮನ್ಯಾವ್ರನ್ನ ಕುಂದರ್ಸಿ ತಗದಾವ್ರು?"

"ಹೌದವ್ವಾ. ಇವತ್ತ ಇದ್ದವರದು ತಗೀಬೇಕಂತ ಬಂದೇನಿ."

"ಆ ಪಟಾ ಇನ್ನೂ ಪಡಸಾಲ್ಯಾಗ ಐತ್ರಿ. ಗದ್ದಕ್ಕ ಅರಬಿ ಕಟ್ಟೇತಿ, ಕಣ್ಣು ಅರ್ಧಾ ತಗದಾವು. ನನ್ನ ಮಮ್ಮಕ್ಕಳು ಪಡಸಾಲಿ ದಾಟಬೇಕಂದ್ರ ಓಡ್ತಾವು. ಅಂವಾ ಜೀವಂತ ಇದ್ದಾಗ ಹುಡುಗೂರು ಅವನ ಹೆಗಲ ಬಿಟ್ಟು ಇಳೀತಿದ್ದಿಲ್ಲ. ಅದನ್ನ ಯಾರಿಗೆ ಹೇಳೂಣು?"

ರಾಯರು ಕೈ ಜೋಡಿಸಿದರು. "ತಪ್ಪಾತವ್ವಾ" ಎಂದರು ಮೆಲ್ಲಗೆ.

"ನಿಮ್ಮದೇನ ತಪ್ಪರಿ? ನಾವು ಕರದ್ವಿ, ನೀವು ಬಂದ್ರಿ. ಬರ್ರಿ, ಹೋಳಿಗಿ ತಿನ್ರಿ. ಪಟಾ ಮಾತ್ರ ಬ್ಯಾಡ."

ಹೋಳಿಗೆ ತಿಂದದ್ದಾಯಿತು. ರಾಯರು ಸುಮ್ಮನೆ ಕೂಡಲಾರದೆ ಮುಕ್ಕಾಲಿ ನಿಲ್ಲಿಸಿದರು, ಗಿಡದ ಪಟವನ್ನಾದರೂ ತೆಗೆಯೋಣವೆಂದು. ಸುಲಭಾ ಬಟ್ಟೆಯೊಳಗೆ ಹೊಕ್ಕಳು. ಮುರಿಗೆವ್ವನಿಗೆ ತಡೆಯಲಾಗಲಿಲ್ಲ, ಎದ್ದು ಹತ್ತಿರ ಬಂದಳು.

"ಏ, ಒಳಗ ಹೆಣಮಗಳ ಅದಾಳಲ್ಲ! ನೀ ನೋಡಾಕತ್ತೀಯೇನವ್ವಾ?"

"ಹೂಂನ್ರಿ ಅಜ್ಜಿ. ನೋಡೂದು ನಾನೇ. ಮಾಮಾ ಬರೇ ಕ್ಯಾಮೆರಾ ಕಣ್ಣಿನ ಟೊಪಗಿ ತಗದು ಹಾಕ್ತಾರ."

ಮುರಿಗೆವ್ವ ಮಗನ ಮುಖ ನೋಡಿದಳು, ಮೊಮ್ಮಕ್ಕಳ ಮುಖ ನೋಡಿದಳು. "ಹಂಗಾರ ಕುಂದರ್ತೀನಿ ತಗಿ. ಗಂಡಸು ಕರೇ ಅರಬ್ಯಾಗ ಕುಂತು ಕಣ್ಣ ಕಿಸದ ನೋಡಿದ್ರ ನನಗ ಮೈಯೆಲ್ಲಾ ಬಿಗೀತೈತಿ. ನಿನ್ನ ಮುಂದೇನು!" ಎಂದು ಬದುವಿನ ಮೇಲೆ ಕಾಲು ಚಾಚಿ ಕೂತಳು. ಗುರುಸಿದ್ದಯ್ಯ "ಬ್ಯಾಡಬೇ ಅವ್ವಾ" ಎಂದ. "ನೀ ಸುಮ್ನಿರೋ. ನನ್ನ ಆಯುಷ್ಯಾ ಇನ್ನ ಎಷ್ಟ ಉಳದೈತಿ ಅಂತ ಕಡಿಮಿ ಆಗತೈತಿ?" ಎಂದಳು ಮುದುಕಿ.

ಸುಲಭಾ ತಿರುಪು ತಿರುವಿದಳು. ಸುಕ್ಕು ಸುಕ್ಕಿನ ಮುಖ, ಹಣೆಗೆ ಇಳಿದ ನರೆಗೂದಲು, ಹಣೆಯ ವಿಭೂತಿಯ ಮೂರು ಗೆರೆ, ಒಂದೊಂದೂ ಗಾಜಿನ ಮೇಲೆ ನೆಟ್ಟಗೆ ಬಂದು ನಿಂತವು. ಹೊರಗೆ ಬಂದು ತಲೆಯಾಡಿಸಿದಳು. ರಾಯರು ಪ್ಲೇಟು ಏರಿಸಿ, ಅಂಗೈಯನ್ನು ಬಿಸಿಲಿಗೆ ಒಡ್ಡಿ ಬೆಳಕು ಅಳೆದರು. ಮುದುಕಿ ಮಾತ್ರ ಕಟ್ಟಿಗೆಯ ಹಾಗೆ ಬಿಗಿದುಕೊಂಡಳು.

"ಅಜ್ಜಿ, ಒಂದು ಹೇಳ್ಲೇನು?" ಎಂದಳು ಸುಲಭಾ. "ಇದರಾಗ ನೀವು ತೆಳಗ ತಲಿ, ಮ್ಯಾಲೆ ಕಾಲು ಮಾಡಿ ಕಾಣ್ತೀರಿ."

"ಅಯ್ಯ ನಮ್ಮವ್ವಾ! ಸೀರಿ?"

ತನ್ನ ಮಾತಿಗೆ ತಾನೇ ಮುರಿಗೆವ್ವ ಹೋ ಎಂದು ನಕ್ಕಳು. ಮೊಮ್ಮಕ್ಕಳು ನಕ್ಕರು, ಸೊಸೆಯಂದಿರು ನಕ್ಕರು. ನಗು ಮುಗಿದು ಇನ್ನೂ ಮುಖದ ಮೇಲೆ ಇದ್ದ ಗಳಿಗೆಯಲ್ಲಿ ರಾಯರು ಟೊಪ್ಪಿಗೆ ತೆಗೆದು, "ಒಂದು" ಎಂದು ಎಣಿಸಿ ಹಾಕಿದರು.

ಮೂರು ದಿನ ಬಿಟ್ಟು ಆ ಪಟ ಕಾಗದದ ಮೇಲೆ ಇಳಿದಾಗ ಮಧ್ಯಾಹ್ನದ ಊಟಕ್ಕೆ ಬಂದ ಪಂಢರಿನಾಥ ಅದನ್ನು ಕಿಟಕಿಯ ಹತ್ತಿರ ಒಯ್ದು ನೋಡಿದ. ತಿರುಗಿಸಿ ನೋಡಿ, ಬಂದು ಮಣೆಯ ಮೇಲೆ ಕೂತ. ಅವನೂ ಕೆಲಸ ಬಲ್ಲವನೇ. ಹಟ ಹಿಡಿಯುವವನಾದರೂ ಸುಳ್ಳು ಹೇಳುವವನಲ್ಲ.

"ಅಪ್ಪಾ, ಹಿಂಗ ನನಗೂ ತಗೀಲಿಕ್ಕೆ ಬರೂದಿಲ್ಲ. ಇದು ಕನ್ನಡಿ ಪೆಟ್ಟಿಗ್ಯಾಗ ಇಡೂ ಪಟಾನೇ. ನಾ ಸೋತೆ."

ರಾಯರು ಖುಷಿಪಡಬೇಕಾಗಿತ್ತು. ಅವರು ತಲೆ ತಗ್ಗಿಸಿ ಚಟ್ನಿ ಕಲಸುತ್ತಿದ್ದರು. ಅಷ್ಟರಲ್ಲಿ ಭಕ್ಕರಿ ಕಡಿಯುತ್ತಿದ್ದ ಇಂದು ಬಾಯಿ ಹಾಕಿದಳು.

"ಅದನ್ನ ತಗದದ್ದು ಅವ್ವ, ಅಜ್ಜಾ ಅಲ್ಲ! ಅವ್ವ ಕರೇ ಬಟ್ಟ್ಯಾಗ ಹೊಕ್ಕಿದ್ಲು. ಅಜ್ಜಾಗ ಕಣ್ಣು ಕಾಣೂದಿಲ್ಲ!"

ಪಂಢರಿನಾಥ ಮೊದಲು ಹೆಂಡತಿಯ ಕಡೆ, ಆಮೇಲೆ ತಂದೆಯ ಕಡೆ ನೋಡಿದ.

"ಖರೇನು?"

"ಖರೇ" ಎಂದರು ರಾಯರು.

"ನಿಮ್ಮ ಕಣ್ಣು ಹೋಗ್ಲಿಕ್ಹತ್ಯಾವ, ಮನ್ಯಾಗ ಎಲ್ಲಾರಿಗೂ ಗೊತ್ತದ, ನನಗೊಬ್ಬಗ ಗೊತ್ತಿಲ್ಲ! ನಾ ಏನು ಈ ಮನ್ಯಾಗ ಬಾಡಿಗಿಗೆ ಇದ್ದೇನೇನು?" ಆ ಮಾತಿನಲ್ಲಿದ್ದದ್ದು ಬರಿ ಸಿಟ್ಟಲ್ಲ. ನಂತರ ಸುಲಭಾಳ ಕಡೆ ಹೊರಳಿದ. "ಮತ್ತ ನೀನು! ನಾಳೆ ಪ್ಯಾಟ್ಯಾಗ ಏನಂತಾರ? ಅವರ ಮನಿ ಸೊಸಿ ಹೊಲದಾಗ ಕರೇ ಬಟ್ಟಿ ಹೊತ್ಕೊಂಡು ನಿಂತಿದ್ಲಂತ ಅನ್ನೂದಿಲ್ಲೇನು?"

"ಅಂದ್ರ ಅನ್ಲಿ" ಎಂದರು ಲಕ್ಷ್ಮೀಬಾಯಿ, ಒಳಗಿನಿಂದ ಮಜ್ಜಿಗೆ ತರುತ್ತ. "ಅಕಿನ್ನ ಕಳಸಿದಾಕಿ ನಾನು. ಅನ್ನದಾಗಿನ ಹರಳು ಇವರಿಗೆ ಕಾಣೂದಿಲ್ಲಂತ ನನಗ ಎಂದೋ ತಿಳದದ. ಬೈಯೂದಿದ್ರ ನನ್ನ ಬೈ."

"ಯಾರನ್ನೂ ಬೈಯೂದಿಲ್ಲ. ಮಾತು ಅಂದ್ರ ಮಾತು. ಪಟಾ ಅಪ್ಪಾ ತರಬೇಕಾಗಿತ್ತು. ತಂದಿಲ್ಲ. ಪಾಡ್ಯಾಕ್ಕ ಕ್ಯಾಮೆರಾ ಹೋಗ್ತದ." ಅವನು ಅರ್ಧ ಊಟಕ್ಕೆ ಎದ್ದ.

ಆಮೇಲಿನ ಹತ್ತು ದಿನ ಆ ಮನೆಯಲ್ಲಿ ಚಕ್ಕುಲಿಯ ಎಣ್ಣೆಗಿಂತ ಬಿಸಿಯಾಗಿದ್ದದ್ದು ಪಂಢರಿನಾಥನ ಮೂಗು. ಹೆಂಡತಿಯೊಡನೆ ಮಾತಿಲ್ಲ. ಏನಿದ್ದರೂ ಇಂದುವಿನ ಮುಖಾಂತರ. "ಇಂದೂ, ನಿಮ್ಮವ್ವಗ ಹೇಳು, ಸಾರಿಗೆ ಉಪ್ಪಿಲ್ಲ." "ಇಂದೂ, ನಿಮ್ಮಪ್ಪಗ ಹೇಳು, ಉಪ್ಪಿನ ಡಬ್ಬಿ ಅವರ ಮುಂದೇ ಅದ." ರಾಯರು ಕ್ಯಾಮೆರಾದ ಹಿತ್ತಾಳೆ ತಿಕ್ಕಿ ಹೊಳಪು ಮಾಡುತ್ತ ಕೂಡುವರು. ಕೊಡುವ ಸಾಮಾನು ಚೊಕ್ಕಾಗಿರಬೇಕಲ್ಲ, ಎನ್ನುವರು. ಅದನ್ನು ನೋಡಿದಾಗಲೆಲ್ಲ ಸುಲಭಾಳಿಗೆ ಅಳು ಬರುತ್ತಿತ್ತು. ತಾನು ನಡುವೆ ಬಾಯಿ ಹಾಕದಿದ್ದರೆ ಮುದುಕರ ಮರ್ಯಾದೆಯಾದರೂ ಉಳಿಯುತ್ತಿತ್ತೇನೋ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ದೀಪಾವಳಿಗೆ ಮುಂಚಿನ ನೀರು ತುಂಬುವ ಹಬ್ಬದ ಮುಂಜಾನೆ. ಸುಲಭಾ ಹುಣಸೆಹಣ್ಣು ಹಾಕಿ ತಾಮ್ರದ ಹಂಡೆ ತಿಕ್ಕುತ್ತಿದ್ದಳು. ಬಾಗಿಲಲ್ಲಿ ಗುರುಸಿದ್ದಯ್ಯ ಬಂದು ನಿಂತ. ತಲೆಗೆ ರುಮಾಲಿಲ್ಲ, ಕಣ್ಣು ಕೆಂಪಾಗಿದ್ದವು. ಅವನ ಹಿಂದೆ ಇನ್ನಿಬ್ಬರು.

"ಅವ್ವ ಹ್ವಾದ್ಳರಿ" ಎಂದ.

ಪಂಢರಿನಾಥ ರೂಢಿಯಂತೆ ಗೂಟದ ಮೇಲಿನ ತನ್ನ ಕ್ಯಾಮೆರಾದ ಚೀಲಕ್ಕೆ ಕೈ ಹಾಕಿದ. ರಾಯರು ಕಟ್ಟೆಯ ಮೇಲೆ ಕೂತರು. "ಹದಿಮೂರ ದಿವಸ ಆತು" ಎಂದರು, ಯಾರಿಗೆ ಹೇಳುತ್ತಿದ್ದಾರೆಂದು ಅವರಿಗೇ ತಿಳಿಯದವರ ಹಾಗೆ. "ನಾ ಪಟಾ ತಗದು ಹದಿಮೂರ ದಿವಸ." ಈ ಮೂವರು ಜಗಳಕ್ಕೇ ಬಂದವರು ಎಂದು ಸುಲಭಾಳಿಗೆ ಖಾತ್ರಿಯಾಯಿತು.

ಪಂಢರಿನಾಥನಿಗೂ ಹಾಗೇ ಅನಿಸಿರಬೇಕು. ಅವನು ಚೀಲ ಬಿಟ್ಟು ಬಂದು ತಂದೆಗೂ ಅವರಿಗೂ ನಡುವೆ ನಿಂತ. "ಏನರೆ ಅನ್ನೂದಿದ್ರ ನನಗ ಅನ್ರಿ. ಅಂಗಡಿ ನಂದು. ಅವರಿಗೆ ಒಂದು ಮಾತೂ ಅನಬ್ಯಾಡ್ರಿ."

"ಅನ್ನಾವ್ರು ಅನ್ನಾಕತ್ತಾರ್ರಿ, ಇಲ್ಲನ್ನೂದಿಲ್ಲ" ಎಂದ ಗುರುಸಿದ್ದಯ್ಯ. "ನಾ ಅನ್ನಾಕ ಬಂದಿಲ್ಲ. ನಿನ್ನಿ ಅವ್ವ ನನ್ನ ಹಂತ್ಯಾಕ ಕರದು ಹೇಳ್ಯಾಳ. 'ನನ್ನ ಕುಂದರ್ಸಿ ಮಣ್ಣ ಮಾಡ್ರಿ, ಅದು ನಮ್ಮ ಪದ್ಧತಿ. ಪಟಾ ಮಾತ್ರ ತಗಸಬ್ಯಾಡ್ರಿ. ಹೊಲದಾಗ ಆ ಬಾಯಾರು ನಗಿಸಿ ತಗದದ್ದು ಐತೆಲ್ಲ, ಅದನ್ನ ತಂದು, ನಿಮ್ಮಪ್ಪನ್ನ ಆ ಮೊಳಿಯಿಂದ ಇಳಿಸಿ, ಅಲ್ಲೆ ಹಾಕ್ರಿ. ಹುಡುಗೂರು ಪಡಸಾಲ್ಯಾಗ ಆಡ್ಲಿ' ಅಂತ. ಅದೊಂದ ಪಟಾ ಕೊಡ್ರಿ. ಕೈ ಮುಗೀತೀನಿ."

ರಾಯರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಲಕ್ಷ್ಮೀಬಾಯಿ ಬಂದು ಗಂಡನ ಬೆನ್ನ ಮೇಲೆ ಕೈಯಿಟ್ಟು ನಿಂತರು. ಪಂಢರಿನಾಥ ಒಳಗೆ ಹೋಗಿ ಪಟ ತಂದ. ಕೊಡಲು ಕೈ ಚಾಚಿದವನು ಮತ್ತೆ ಹಿಂದಕ್ಕೆ ತೆಗೆದುಕೊಂಡ. "ಹಿಂಗ ಬರೇ ಕಾಗದಾ ಒಯ್ಯಬ್ಯಾಡ್ರಿ. ಚೌಕಟ್ಟು ಹಾಕಿ ಮಧ್ಯಾನದೊಳಗ ನಾನೇ ತರ್ತೇನಿ. ನೀವು ಮುಂದಿನ ಕೆಲಸಾ ನೋಡ್ರಿ."

ಅವನು ಹಿಂತಿರುಗಿದಾಗ ದೀಪ ಹಚ್ಚುವ ಹೊತ್ತು. ಸುಲಭಾ ತುಂಬಿಟ್ಟ ಹಂಡೆಯ ನೀರಿನಲ್ಲೇ ಸ್ನಾನ ಮಾಡಿ, ಒದ್ದೆ ತಲೆಯಲ್ಲಿ ಅಡಿಗೆಮನೆಯ ಹೊಸ್ತಿಲಿಗೆ ಬಂದು ಕೂತ. ಮಾತು ಮುಟ್ಟಿಸಲು ಮಗಳು ಅಲ್ಲಿರಲಿಲ್ಲ. ನೇರವಾಗಿಯೇ ಮಾತಾಡಬೇಕಾಯಿತು.

"ಮೊಳಿ ಹೊಡದು ಪಟಾ ಹಾಕಿದೆ. ಹುಡುಗೂರು ಬಂದು ಅದರ ಮುಂದ ಕೂತ್ವು. ಒಂದು ಸಣ್ಣದು, ಪಟದಾಗಿನ ಅಜ್ಜಿಗೆ ಉಂಡಿ ತೋರಸ್ಲಿಕ್ಹತ್ತಿತ್ತು." ಕೂದಲ ನೀರು ಒರೆಸಿಕೊಳ್ಳುತ್ತ ಅಂದ, "ನಾ ಅಪ್ಪಾನ ಜೋಡಿ ಸಣ್ಣಾಂವ ಇದ್ದಾಗಿಂದ ಆ ಮನಿಗಳಿಗೆ ಹೋಗೇನಿ ಸುಲಭಾ. ಹುಡುಗೂರು ಪಟದ ಹತ್ರ ಬಂದದ್ದು ಎಲ್ಲೂ ನೋಡಿದ್ದಿಲ್ಲ."

"ಹಂಗಾರ ಕ್ಯಾಮೆರಾ?"

"ಸಾಹೇಬರಿಗೆ ಮಾತು ಕೊಟ್ಟೇನಲ್ಲ" ಎಂದು ಅವನು ತಲೆ ತುರಿಸಿಕೊಂಡ.

ಪಾಡ್ಯದ ದಿನ ಬೆಳಗಿನ ಗಾಡಿಗೇ ಅಬ್ದುಲಗನಿ ಬಂದಿಳಿದರು. ಫರಾಳದ ತಾಟು ಮುಂದಿಟ್ಟು ಪಂಢರಿನಾಥ ಬಹಳ ಹೊತ್ತು ಹವಾಮಾನದ ಮಾತಾಡಿದ. ಅವಲಕ್ಕಿ ಮುಗಿಯಿತು, ಕರ್ಚಿಕಾಯಿ ಮುಗಿಯಿತು.

"ಸಾಹೇಬರ, ನಾ ಇವತ್ತ ಮಾತಿಗೆ ತಪ್ಪವ ಇದ್ದೇನಿ. ಕ್ಯಾಮೆರಾ ಕೊಡೂದಿಲ್ಲ. ಏನ ಬೈತೀರಿ ಬೈರಿ."

"ಹಬ್ಬದ ದಿವಸ ಹುಬ್ಬಳ್ಳಿಯಿಂದ ಚಕ್ಕಲಿ ತಿನ್ನಾಕ ಕರಸಿದ್ರೇನು?" ಅಬ್ದುಲಗನಿಯವರಿಗೆ ಖರೇ ಸಿಟ್ಟು ಬಂದಿತ್ತು. ಎದ್ದು ನಿಂತು ಚಪ್ಪಲಿ ಮೆಟ್ಟಲು ಹೋದವರು ಗೋಡೆಗೆ ಆನಿಸಿದ್ದ ಮುರಿಗೆವ್ವನ ಪಟದ ಇನ್ನೊಂದು ಪ್ರತಿಯನ್ನು, ಅಂಗಡಿಯ ಕನ್ನಡಿ ಪೆಟ್ಟಿಗೆಗೆಂದು ಪಂಢರಿನಾಥ ಮಾಡಿಸಿದ್ದನ್ನು, ಕಂಡು ಬಗ್ಗಿದರು. ಮುದುಕಿಯ ಜೊತೆ ಅವರ ತುಟಿಯೂ ಅರಳಿತು. "ಇದನ್ನ ಯಾರು ತಗದದ್ದು?"

ಒಳಗೆ ಹಾಲು ಕಾಸುತ್ತಿದ್ದ ಸುಲಭಾ ಬಾಗಿಲ ಕಡೆ ಕಿವಿಗೊಟ್ಟಳು. ಪರರ ಎದುರು ಹೆಂಡತಿಯ ಸುದ್ದಿ ತೆಗೆಯುವವನಲ್ಲ ಅವಳ ಗಂಡ.

"ನಮ್ಮ ಮನಿಯಾಕಿ" ಎಂದ ಪಂಢರಿನಾಥ.

ಅಬ್ದುಲಗನಿ ಚಪ್ಪಲಿ ಬಿಟ್ಟು ಮತ್ತೆ ಬಂದು ಕೂತರು. "ನೋಡ್ರಿ, ಊರ ಮಂದಿ ಕ್ಯಾಮೆರಾ ಎಲ್ಲಾ ನನ್ನ ಕೈಮ್ಯಾಲೆ ಹಾದು ಹೋಗ್ಯಾವ. ನಮ್ಮ ಅಮ್ಮಾ, ಲಾಲಬಿ, ಎಪ್ಪತ್ತು ದಾಟ್ಯಾಳ. ಅಕಿದು ಒಂದು ಪಟಾ ಇಲ್ಲ. ಮನ್ಯಾಗ ಏಳು ಮಂದಿ ಹೆಣಮಕ್ಕಳು, ಒಬ್ಬರದೂ ಇಲ್ಲ. ಪಟಾ ತಗಿಯಾಂವ ಗಂಡಸು, ಅವನ್ನ ಒಳಗ ಹೆಂಗ ಬಿಡೂದ್ರಿ? ನಿಮ್ಮ ಬಾಯಾರು ಬರತಾರಂದ್ರ ಆ ಡಬ್ಬಿ ನೀವಽ ಇಟ್ಕೊರ್ರಿ, ನನಗ ಬ್ಯಾಡ. ನಮ್ಮ ಓಣ್ಯಾಗ ಹತ್ತು ಮನಿ ಕಾಯಾಕತ್ತಾವ."

ಪಂಢರಿನಾಥ ತಂದೆಯ ಮುಖ ನೋಡಲಿಲ್ಲ, ತಾಯಿಯ ಮುಖ ನೋಡಲಿಲ್ಲ. ಅಡಿಗೆಮನೆಯ ಕಡೆ ಹೊರಳಿ ಕೇಳಿದ. "ಸುಲಭಾ, ಸಾಹೇಬರು ಕೇಳ್ಲಿಕ್ಹತ್ತಾರ. ಹೋಗ್ತೀಯೇನು?"

ಸುಲಭಾ ಸೆರಗು ಸರಿಮಾಡಿಕೊಂಡು ಹೊಸ್ತಿಲು ದಾಟಿ ಪಡಸಾಲೆಗೆ ಬಂದಳು. ಮಾತು ನೆಟ್ಟಗೆ ಬಂದಿತು.

"ನಾ ಒಬ್ಬಾಕಿ ಹೋಗೂದಿಲ್ರಿ. ಮಾಮಾ ಜೋಡಿ ಬರಬೇಕು. ಅವರು ಹೊರಗ ಕಟ್ಟಿಮ್ಯಾಲೆ ಕೂತು ಎಣಿಸಿದ್ರೂ ನಡೀತದ. ಬೆಳಕು ನೋಡೂದು ಅವರು, ಮುಖಾ ನೋಡೂದು ನಾನು. ಒಬ್ಬರನ್ನ ಬಿಟ್ಟು ಒಬ್ಬರದು ಪಟಾ ಆಗೂದಿಲ್ಲ."

ಪಂಢರಿನಾಥ "ಕಾರ್ತಿಕ ಮುಗೀಲಿಕ್ಕೆ ಮೊದಲು ಅವರನ್ನ ಮಿರಜಿನ ದವಾಖಾನಿಗೆ ಕರ್ಕೊಂಡು ಹೋಗಿ ಕಣ್ಣು ತೋರಸ್ತೇನಿ, ಅಲ್ಲೀತನಕಾ—" ಎಂದು ಏನೋ ಹೇಳತೊಡಗಿದ. ಅದನ್ನು ಕೇಳುವ ವ್ಯವಧಾನ ಯಾರಿಗಿತ್ತು? ರಾಯರು ಆಗಲೇ ಗೋಡೆ ಹಿಡಿದು ಒಳಕೋಣೆಗೆ ನಡೆದಿದ್ದರು.

"ಲಕ್ಷ್ಮೀ, ನನ್ನ ಕೋಟು ಎಲ್ಲೆ ಇಟ್ಟೀ? ಹುಬ್ಬಳ್ಳಿ ಗಾಡಿ ಎಷ್ಟಕ್ಕದ?"

"ನಾಳೆ ಹೋಗೂದು, ಇವತ್ತ ಹಬ್ಬದ ಊಟಾ ಮಾಡ್ರಿ" ಎಂದರು ಲಕ್ಷ್ಮೀಬಾಯಿ, ಕೋಟು ತೆಗೆದು ಕೊಡುತ್ತ.